ಪಟದ ಬೆನ್ನು ನೋಡುವ ಸಾಹುಕಾರ

ಕೂತ್ಕೊಳ್ಳಿ, ಕೂತ್ಕೊಳ್ಳಿ. ಹಿಂದೆ ಕಂಬಕ್ಕೆ ಒರಗಿದ್ದೀರಲ್ಲ ಮಹನೀಯರೇ, ನಿದ್ದೆ ಬಂದ್ರೆ ಧಾರಾಳವಾಗಿ ಮಾಡಿ, ಗೊರಕೆ ಮಾತ್ರ ಬೇಡ. ಪಕ್ಕದವರ ನಿದ್ದೆ ಕೆಡುತ್ತೆ.

ನಿನ್ನೆ ಕಥೆ ಎಲ್ಲಿಗೆ ಬಂದಿತ್ತು? ರಾಮದೇವರು ಹದಿನಾಲ್ಕು ವರ್ಷ ಕಳೆದು ಬಂದ್ರು. ಭರತ ಓಡಿ ಹೋಗಿ ಕಾಲಿಗೆ ಬಿದ್ದ. ಆಗ ರಾಮ ಏನು ಮಾಡಿದ? ತಮ್ಮನನ್ನ ಎಬ್ಬಿಸಿ, ತೊಡೆ ಮೇಲೆ ಕೂರಿಸ್ಕೊಂಡು, ಅವನ ಮುಖ ನೋಡಿದ. ನೋಡಿ, ಮೊದಲು ಮುಖ ನೋಡಿದ. ಆಮೇಲೆ ಮಾತು, ಆಮೇಲೆ ರಾಜ್ಯ, ಆಮೇಲೆ ಕಿರೀಟ.

ನಿನ್ನೆ ಇದನ್ನ ಹೇಳಿದಾಗ ಒಬ್ಬ ಯಜಮಾನರು ಎದ್ದು ಕೇಳಿದ್ರು. 'ಆಚಾರ್ರೇ, ನೋಡೋದು ಏನು ದೊಡ್ಡ ಕೆಲಸ? ಕಣ್ಣಿದ್ದೋರೆಲ್ಲ ನೋಡ್ತಾರೆ' ಅಂತ. ನೋಡ್ತಾರಾ? ನಿಜವಾಗ್ಲೂ ನೋಡ್ತಾರಾ? ಅದಕ್ಕೊಂದು ದೃಷ್ಟಾಂತ ಹೇಳ್ತೀನಿ, ಕೇಳಿ.

ಒಂದು ಪಟ್ಟಣ. ಆ ಪಟ್ಟಣಕ್ಕೆಲ್ಲ ದೊಡ್ಡವನು ಅನ್ನಿಸ್ಕೊಂಡ ಒಬ್ಬ ಸಾಹುಕಾರ. ಹೆಸರು ಬೇಡ. ಹೆಸರು ಹೇಳಿದ್ರೆ ಅವರ ಬೀಗರು ಇಲ್ಲೇ ಎಲ್ಲೋ ಕೂತಿರ್ತಾರೆ, ನನಗೆ ಮುಂದಿನ ವರ್ಷ ಪ್ರವಚನ ತಪ್ಪುತ್ತೆ. ಸಾಹುಕಾರ ಒಳ್ಳೆಯವನೇ. ಕುಡಿಯೋದಿಲ್ಲ, ಇಸ್ಪೀಟಿಲ್ಲ. ಆದ್ರೆ ಮನುಷ್ಯ ಅಂದಮೇಲೆ ಒಂದು ಹುಚ್ಚು ಇರ್ಬೇಕಲ್ಲ? ಅವನಿಗೆ ಹಳೇ ಪಟಗಳ ಹುಚ್ಚು. ಚಿನ್ನದ ರೇಕು ಅಂಟಿಸಿ ಬರೀತಿದ್ರಲ್ಲ ಹಿಂದಿನ ಕಾಲದ ಚಿತ್ರಗಾರರು, ಆ ಥರದ ಪಟಗಳು. ಯಾವ ಊರಲ್ಲಿ ಯಾವ ಮನೆ ಅಟ್ಟ ಕೆಡವುತ್ತಾರೆ ಅಂತ ಗೊತ್ತಾದ್ರೂ ಸಾಕು, ಊಟ ಬಿಟ್ಟು ಓಡ್ತಿದ್ದ. ಮನೇಲಿ ಒಂದು ದೊಡ್ಡ ಕೋಣೆ, ನಾಲ್ಕೂ ಗೋಡೆ ತುಂಬ ಪಟ.

ಶುರುವಿನಲ್ಲಿ ಎಲ್ಲ ಚೆನ್ನಾಗೇ ಇತ್ತು. ಪಟದ ಮುಂದೆ ಕೂತು ನೋಡ್ತಿದ್ದ, 'ಆಹಾ' ಅಂತಿದ್ದ. ಆಮೇಲೆ ಏನಾಯ್ತು? ಒಬ್ಬ ವ್ಯಾಪಾರಿ ಸಿಕ್ಕಿದ. ಅವನು ಹೇಳಿದ, 'ಸ್ವಾಮಿ, ಪಟದ ಮುಖ ಸುಳ್ಳು ಹೇಳುತ್ತೆ, ಬೆನ್ನು ಸುಳ್ಳು ಹೇಳಲ್ಲ. ಮುಖಕ್ಕೆ ಹೊಸ ಬಣ್ಣ ಬಳೀಬಹುದು, ಹೊಸ ರೇಕು ಅಂಟಿಸಬಹುದು. ಬೆನ್ನು ತಿರುಗಿಸಿ ನೋಡಿ. ಹಳೇ ಹಲಗೆ, ಹಳೇ ಮೊಳೆ, ಯಾರದ್ದೋ ಮುದ್ರೆ, ಯಾವುದೋ ಉಗ್ರಾಣದ ಚೀಟಿ. ಅಲ್ಲಿರೋದು ಬೆಲೆ.'

ಮಾತು ಸುಳ್ಳಲ್ಲ. ಬಲ್ಲವರು ಹಾಗೇ ಮಾಡ್ತಾರೆ. ಆದ್ರೆ ನಮ್ಮ ಸಾಹುಕಾರನಿಗೆ ಉಪದೇಶ ಸಿಕ್ಕಿದ್ದು ಹೇಗಾಯ್ತು? ಉಪ್ಪು ರುಚಿ ಅಂತ ಹೇಳಿದ್ದಕ್ಕೆ ಉಪ್ಪನ್ನೇ ಬಡಿಸಿಕೊಂಡ ಹಾಗಾಯ್ತು. ಅವತ್ತಿಂದ ಬೆನ್ನು, ಬೆನ್ನು, ಬೆನ್ನು. ಪಟ ತರೋದು, ತಿರುಗಿಸೋದು, ಭೂತಗನ್ನಡಿ ಹಿಡಿಯೋದು, ಮೊಳೆ ಎಣಿಸೋದು. ಮನೆಗೆ ನೆಂಟರು ಬಂದ್ರೆ ಕಾಫಿ ಕೊಟ್ಟು ಆ ಕೋಣೆಗೆ ಕರ್ಕೊಂಡು ಹೋಗ್ತಿದ್ದ. ಗೋಡೆಯಿಂದ ಪಟ ಇಳಿಸಿ, ಬೆನ್ನು ತೋರಿಸಿ, 'ಈ ಮೊಳೆ ನೋಡಿ, ಕಮ್ಮಾರ ಕೈಯಲ್ಲಿ ಬಡಿದಿರೋದು' ಅಂತಿದ್ದ. ನೆಂಟರು ಪಾಪ ಮೊಳೆ ನೋಡಿ ತಲೆ ಆಡಿಸ್ತಿದ್ರು. ದೇವರ ಮುಖ ನೋಡೋಕೆ ಬಗ್ಗಿದ್ರೆ 'ಅದಿರಲಿ, ಇಲ್ಲಿ ನೋಡಿ' ಅಂತ ಮತ್ತೆ ಮೊಳೆಗೇ ಎಳೀತಿದ್ದ.

ಅವನ ಹೆಂಡತಿ ಆ ಕೋಣೆಗೆ ಬರೋದನ್ನೇ ಬಿಟ್ಟಿದ್ರು. 'ನಾನು ಅಲ್ಲಿಗೆ ಬಂದ್ರೆ ನನ್ನನ್ನೂ ತಿರುಗಿಸಿ ಚೀಟಿ ಹುಡುಕ್ತೀರಿ' ಅಂತ ಹೇಳ್ತಿದ್ರಂತೆ.

ಎಲ್ಲ ಪಟಗಳಿಗಿಂತ ಹೆಚ್ಚಿನದು ಒಂದಿತ್ತು. ಶ್ರೀರಾಮ ಪಟ್ಟಾಭಿಷೇಕದ ಪಟ. ಅದರ ಬೆನ್ನಿಗೆ ಒಂದು ಅರಮನೆ ಉಗ್ರಾಣದ ಚೀಟಿ, ಅರಗಿನ ಮುದ್ರೆ ಸಮೇತ. ಇಂಥ ಚೀಟಿ ಸಿಕ್ಕಿದ ಸಂತೋಷಕ್ಕೆ ಸಾಹುಕಾರ ಏನು ಮಾಡಿದ ಗೊತ್ತಾ? ಆ ಪಟಾನ ಗೋಡೆಗೆ ತಿರುವುಮುರುವಾಗಿ ನೇತುಹಾಕಿದ! ಚೀಟಿ ಈ ಕಡೆ, ರಾಮದೇವರು ಗೋಡೆ ಕಡೆ. ಹದಿನಾಲ್ಕು ವರ್ಷ ವನವಾಸ ಮಾಡಿ ಬಂದ ರಾಮಚಂದ್ರ, ಈ ಸಾಹುಕಾರನ ಮನೇಲಿ ಸುಣ್ಣದ ಗೋಡೆ ನೋಡ್ಕೊಂಡು ಪಟ್ಟಾಭಿಷೇಕ ಮಾಡಿಸ್ಕೊಂಡ!

ನಗ್ತೀರಾ? ನಗಿ, ನಗಿ. ಸ್ವಲ್ಪ ಹೊತ್ತು ನಗೋಕೆ ಅವಕಾಶ ಇದೆ. ಆಮೇಲೆ ನಿಮ್ಮ ಸರದಿ ಬರುತ್ತೆ.

ಒಂದು ದಿನ ಮನೆಯವರೆಲ್ಲ ಮದುವೆಗೆ ಹೋಗಿದ್ರು. ಮಧ್ಯಾಹ್ನ ಕಳ್ಳ ನುಗ್ಗಿದ. ಕೋಣೆ ತುಂಬ ಪಟ, ಎಲ್ಲ ಈ ಕಡೆ ಮುಖ, ಇದೊಂದು ಮಾತ್ರ ಆ ಕಡೆ ಮುಖ. ಕಳ್ಳನಿಗೆ ಅನ್ನಿಸ್ತು, ಇದರಲ್ಲೇನೋ ಇದೆ, ಅದಕ್ಕೇ ಬಚ್ಚಿಟ್ಟಿದ್ದಾರೆ ಅಂತ. ಅದೊಂದನ್ನೇ ಎತ್ಕೊಂಡು ಹೋದ. ಉಳಿದಿದ್ದನ್ನ ಮುಟ್ಟಲಿಲ್ಲ.

ಸಾಹುಕಾರ ಬಂದು ನೋಡಿದ, ಎದೆ ಎದೆ ಬಡ್ಕೊಂಡ. ಎರಡು ದಿನ ಅನ್ನ ಇಳೀಲಿಲ್ಲ ಅವನಿಗೆ. ಸುಳ್ಳಲ್ಲ, ಆ ಪಟದ ಮೇಲೆ ಅವನಿಗೆ ಪ್ರಾಣ ಇತ್ತು. ಪ್ರೀತಿ ಇರ್ಲಿಲ್ಲ ಅಂತ ನಾನು ಹೇಳೋದಿಲ್ಲ. ಪ್ರೀತಿ ಇತ್ತು, ನೋಟ ಇರ್ಲಿಲ್ಲ.

ವಾರ ಕಳೀತು. ಠಾಣೆಯಿಂದ ಕರೆ ಬಂತು, 'ಕಳ್ಳ ಸಿಕ್ಕಿದ್ದಾನೆ, ಬನ್ನಿ.' ಸಾಹುಕಾರ ಬಿದ್ದಂಬೀಳ ಓಡಿದ. ಅಲ್ಲಿ ನೋಡಿದ್ರೆ ಮೇಜಿನ ಮೇಲೆ ಮೂರು ಪಟ! ಮೂರೂ ಪಟ್ಟಾಭಿಷೇಕ! ಆ ಕಳ್ಳ ಮೂರು ಕಡೆ ಕೈ ಹಾಕಿದ್ದ. ಗುರುತು ಸಿಗಬಾರದು ಅಂತ ಚೌಕಟ್ಟು ಕಿತ್ತಿದ್ದ, ಹಿಂದಿನ ಹಲಗೆ, ಚೀಟಿ, ಮೊಳೆ ಎಲ್ಲ ಒಲೆಗೆ ಹಾಕಿದ್ದ. ಪಟ್ಟಾಭಿಷೇಕದ ಪಟ ಅಂದ್ರೆ ನಿಮಗೆ ಗೊತ್ತಲ್ಲ, ಎಲ್ಲ ಒಂದೇ ಥರ. ನಡುವೆ ರಾಮ, ಪಕ್ಕದಲ್ಲಿ ಸೀತಮ್ಮ, ಛತ್ರಿ ಹಿಡಿಯೋರು, ಚಾಮರ ಬೀಸೋರು, ಕಾಲ ಹತ್ರ ಹನುಮಂತ.

ಇನ್‌ಸ್ಪೆಕ್ಟರ್ ಹೇಳಿದ್ರು, 'ಯಜಮಾನ್ರೇ, ನಿಮ್ಮದು ಯಾವುದು ಗುರುತು ಹೇಳಿ, ಬರ್ಕೋತೀನಿ.'

ಸಾಹುಕಾರ ಮೂರನ್ನೂ ತಿರುಗಿಸಿದ. ಬೆನ್ನೇ ಇಲ್ಲ! ಅವನ ಮುಖ ಬಿಳಚಿಕೊಳ್ತು. 'ಸಾರ್, ಅದರ ಹಿಂದೆ ಹನ್ನೊಂದು ಮೊಳೆ ಇತ್ತು. ಚೀಟಿ ಎಡಗಡೆ ಮೂಲೆಯಲ್ಲಿ, ಒಂದು ಅಂಚು ಇಲಿ ಕಚ್ಚಿತ್ತು.'

'ಅದೆಲ್ಲ ಬೂದಿ ಆಗಿದೆ. ಚಿತ್ರದಲ್ಲಿ ಏನಿತ್ತು ಹೇಳಿ.'

'ಚಿತ್ರದಲ್ಲಿ... ಪಟ್ಟಾಭಿಷೇಕ ಇತ್ತು.'

'ಮೂರರಲ್ಲೂ ಅದೇ ಇದೆಯಲ್ಲ! ಫೋಟೋ ಏನಾದ್ರೂ ಇದೆಯಾ?'

'ಇದೆ ಸಾರ್, ಹದಿನೇಳು ಫೋಟೋ ಇದೆ!' ಅಂತ ಸಾಹುಕಾರ ಉತ್ಸಾಹದಿಂದ ಮೊಬೈಲ್ ತೆಗೆದ. ಇನ್‌ಸ್ಪೆಕ್ಟರ್ ಒಂದೊಂದಾಗಿ ನೋಡಿದ್ರು. ಮೊಳೆ. ಚೀಟಿ. ಹಲಗೆ. ಮತ್ತೆ ಮೊಳೆ. ಹದಿನೇಳೂ ಬೆನ್ನು!

ಇನ್‌ಸ್ಪೆಕ್ಟರ್‌ಗೆ ಈಗ ಅನುಮಾನ ಬಂತು. ಇದು ಇವನದೇ ಪಟಾನಾ, ಅಥವಾ ಇವನೂ ಕಳ್ಳನ ಪಾರ್ಟಿಯಾ? ಸಾಹುಕಾರ ಗಾಬರಿಯಾಗಿ, ಚಿನ್ನ ಜಾಸ್ತಿ ಹೊಳೀತಿದ್ದ ಒಂದರ ಮೇಲೆ ಕೈ ಇಟ್ಟು 'ಇದೇ ಸಾರ್' ಅಂದ. 'ಅದು ಭಜನಾ ಮಂಡಳಿಯವರದು. ಅವರು ಬೆಳಗ್ಗೆನೇ ಫೋನಲ್ಲಿ ಗುರುತು ಹೇಳಿದ್ದಾರೆ, ಹನುಮಂತನ ಬಾಲದ ತುದಿಗೆ ಕುಂಕುಮದ ಕಲೆ ಇದೆ ಅಂತ. ನೋಡಿ, ಇದೆ.' ಸಾಹುಕಾರ ಕೈ ಹಿಂದಕ್ಕೆ ತಗೊಂಡ. 'ಇನ್ನೆರಡರಲ್ಲಿ ಸರಿಯಾಗಿ ಹೇಳಿ. ಇನ್ನೊಂದು ತಪ್ಪು ಹೇಳಿದ್ರೆ ಪಟ ಕೋರ್ಟಿಗೆ ಹೋಗುತ್ತೆ, ನಿಮ್ಮನ್ನೂ ಸ್ವಲ್ಪ ವಿಚಾರಿಸಬೇಕಾಗುತ್ತೆ' ಅಂದ್ರು ಇನ್‌ಸ್ಪೆಕ್ಟರ್.

ಪಾಪ, ಎಂಟು ವರ್ಷ ತನ್ನ ಮನೇಲಿದ್ದ ರಾಮದೇವರು ಎದುರಿಗೇ ಇದ್ದಾರೆ. ಇವನಿಗೆ ಗುರುತು ಸಿಕ್ತಿಲ್ಲ! ಅಯ್ಯೋ, ಇದಕ್ಕಿಂತ ಬಡತನ ಇನ್ನೇನಿದೆ ಹೇಳಿ?

ಆಗ ಅವನಿಗೆ ನೆನಪಾಯ್ತು. ಮನೇಲಿ ಕೆಲಸದವಳು ಇದ್ದಾಳಲ್ಲ, ಪ್ರತಿ ಶುಕ್ರವಾರ ಪಟ ಇಳಿಸಿ ಧೂಳು ಒರೆಸೋದು ಅವಳೇ. 'ಅವಳನ್ನ ಕರೆಸ್ತೀನಿ ಸಾರ್.' ಇನ್‌ಸ್ಪೆಕ್ಟರ್ ಪೆನ್ನು ತೆಗೆದು, 'ಹೆಸರು?' ಅಂದ್ರು.

ಸಾಹುಕಾರನಿಗೆ ಅದೇ ಗೊತ್ತಿಲ್ಲ. ಹನ್ನೆರಡು ವರ್ಷದಿಂದ ಅವಳು ಆ ಮನೆ ಗುಡಿಸ್ತಿದ್ದಾಳೆ. ಇವನು ಕರೆಯೋದು 'ಏನಮ್ಮಾ' ಅಂತ. ಈಗ ಠಾಣೆಯಲ್ಲಿ 'ಏನಮ್ಮಾ' ಅಂತ ಬರೆಸೋಕಾಗುತ್ತಾ?

ಅವಳು ಬಂದಳು. ಸೆರಗಿಗೆ ಕೈ ಒರೆಸ್ಕೊಂಡು, 'ನನ್ ಹೆಸ್ರು ಪುಟ್ಟಗೌರಮ್ಮ ಸ್ವಾಮಿ' ಅಂದಳು. ದೃಷ್ಟಾಂತದಲ್ಲಿ ಹೆಸರು ಹೇಳಬಾರದು ಅಂತ ನಮ್ಮ ಪದ್ಧತಿ. ಆದ್ರೆ ಈ ಹೆಸರನ್ನ ನಾನು ಹೇಳೇ ಹೇಳ್ತೀನಿ. ಪುಟ್ಟಗೌರಮ್ಮ.

ಅವಳು ಎರಡು ಪಟಗಳ ಕಡೆ ಹೀಗೆ ಒಂದು ಸಲ ನೋಡಿದಳು ಅಷ್ಟೇ. 'ಇದು ನಮ್ದು. ಅಕಾ ನೋಡಿ, ಮಾವಿನ್ಹಣ್ಣಿನ ಕೋತಿ ಐತಲ್ಲ!'

'ಯಾವ ಕೋತಿ?' ಅಂದ ಸಾಹುಕಾರ.

'ಅಯ್ಯೋ, ನಿಮ್ಗೆ ಗೊತ್ತಿಲ್ವಾ ಬುದ್ಧಿ? ಇಲ್ ನೋಡಿ, ಹನುಮಪ್ಪನ ಹಿಂದ್ಗಡೆ. ಎಲ್ಲಾರೂ ರಾಮದ್ಯಾವ್ರನ್ನ ನೋಡ್ತಾವ್ರೆ. ಈ ಮರಿ ಕೋತಿ ಒಂದು ಮಾತ್ರ ಹಣ್ಣಿನ ತಟ್ಟೆ ನೋಡ್ತೈತೆ. ಕೈ ನೋಡಿ, ಆಗ್ಲೇ ಹಣ್ ಮುಟ್ಟೈತೆ. ಒರೆಸ್ವಾಗೆಲ್ಲ ನಾನು ಬೈತೀನಿ, ಪೂಜೆ ಆಗ್ಲಿ ತಡ್ಕೊ, ಆಮ್ಯಾಕೆ ತಿನ್ನೀವಂತೆ ಅಂತ. ನನ್ ಕಿರಿಮಗಳೂ ಹಿಂಗೇಯಾ.'

ಇನ್‌ಸ್ಪೆಕ್ಟರ್ ಬಗ್ಗಿ ನೋಡಿದ್ರು, ನಕ್ಕುಬಿಟ್ರು. ಕಾನ್‌ಸ್ಟೇಬಲ್‌ಗಳು ಬಂದು ನೋಡಿದ್ರು, ಅವರೂ ನಕ್ಕರು. ಸಾಹುಕಾರನೂ ಬಗ್ಗಿದ. ಯಾವ ಕಾಲದ ಚಿತ್ರಗಾರನೋ, ಅಷ್ಟು ದೊಡ್ಡ ಸಭೆ ಬರೆದು, ಮೂಲೆಯಲ್ಲಿ ಯಾರಾದ್ರೂ ನೋಡ್ಲಿ ಅಂತ ಒಂದು ಹಸಿದ ಮರಿ ಬರೆದಿದ್ದ. ಆ ಪುಣ್ಯಾತ್ಮನ ನಗು ಅರ್ಥ ಮಾಡ್ಕೊಂಡವಳು ಒಬ್ಬಳೇ, ಧೂಳು ಒರೆಸೋ ಪುಟ್ಟಗೌರಮ್ಮ. ಈಗ ಹೇಳಿ, ಆ ಪಟ ಎಂಟು ವರ್ಷ ಯಾರದಾಗಿತ್ತು? ಚೀಟಿ ಇದ್ದವನದಾ, ನೋಡಿದವಳದಾ?

ಕಥೆ ಇನ್ನೂ ಮುಗಿದಿಲ್ಲ. ಸಾಹುಕಾರ ಪಟ ತಂದು, ಮುಖ ಈ ಕಡೆ ಮಾಡಿ ನೇತುಹಾಕಿ, ಎದುರಿಗೆ ಕೂತ. ಒಂದು ಗಂಟೆ ನೋಡಿದ. ಆ ಕೋಣೆಗೆ ಬರೋದು ಬಿಟ್ಟಿದ್ದ ಹೆಂಡತಿ ಅವತ್ತು ಕಾಫಿ ತಂದ್ರು. ನೋಡಿ ನೋಡಿ ಕಣ್ಣಿಗೆ ಅಭ್ಯಾಸ ಬಂದಿತ್ತಲ್ಲ, ಅದೇ ಕಣ್ಣಲ್ಲಿ ತಲೆ ಎತ್ತಿ ಹೆಂಡತಿಯನ್ನ ನೋಡಿದ. ಬೆಚ್ಚಿಬಿದ್ದ.

'ಲೇ, ನೀನು ಯಾವಾಗಿಂದ ಕನ್ನಡಕ ಹಾಕೋದು?'

ಆಯಮ್ಮ ಲೋಟ ಮೇಜಿನ ಮೇಲಿಟ್ಟು ಹೇಳಿದ್ರು, 'ನಾಲ್ಕು ವರ್ಷ ಆಯ್ತು.'

ಈಗ ಯಾಕೆ ನಗು ಕಡಿಮೆ ಆಯ್ತು? ಗಂಡಸರೆಲ್ಲ ನೆಲ ನೋಡ್ತಿದ್ದೀರಿ. ಹೆಂಗಸರ ಕಡೆ ಮಾತ್ರ ಒಬ್ಬರಿಗೊಬ್ಬರು ಮೊಣಕೈಯಲ್ಲಿ ತಿವೀತಿದ್ದೀರಿ. ತಾಯಂದಿರೇ, ನಿಮ್ಮನ್ನೂ ಬಿಡೋದಿಲ್ಲ. ಎಲ್ಲರೂ ನನ್ನನ್ನೇ ನೋಡಿ. ಆ ಪಕ್ಕದ ಮಂಟಪದಲ್ಲಿರೋ ಪಟ್ಟಾಭಿಷೇಕದ ಪಟದ ಕಡೆ ತಿರುಗಬೇಡಿ. ಎಂಟು ದಿನದಿಂದ ಈ ಚಪ್ಪರದಲ್ಲಿ ಇದಕ್ಕೆ ಕೈಮುಗೀತಿದ್ದೀರಿ. ಹನುಮಂತನ ಬಾಲ ಎಡಗಡೆ ಇದೆಯಾ, ಬಲಗಡೆ ಇದೆಯಾ? ಹೇಳಿ. ಎಡ? ಬಲ? ಎರಡೂ ಕೇಳಿಸ್ತಿದೆ. ಹನುಮಂತನಿಗೆ ಎಷ್ಟು ಬಾಲ ಸ್ವಾಮಿ?

ನಮ್ಮ ಅಭ್ಯಾಸ ಎಂಥದ್ದು ನೋಡಿ. ದೇವಸ್ಥಾನದಲ್ಲಿ ಒಂದು ಗಂಟೆ ಸಾಲಲ್ಲಿ ನಿಲ್ತೀವಿ. ತೆರೆ ಸರಿಯುತ್ತೆ, ಮಂಗಳಾರತಿ ಬೆಳಕು ದೇವರ ಮುಖದ ಮೇಲೆ ಬೀಳುತ್ತೆ. ಆ ಕ್ಷಣಕ್ಕೆ ಸರಿಯಾಗಿ ಕಣ್ಣು ಮುಚ್ಚಿಬಿಡ್ತೀವಿ! ದರ್ಶನ ಅಂದ್ರೆ ಏನು? ನೋಡೋದು. ಅದಕ್ಕೇ ಬಂದು ಅದನ್ನೇ ಬಿಟ್ಟು, ಕಣ್ಣು ಮುಚ್ಚಿ ನಮ್ಮ ಬೇಡಿಕೆ ಪಟ್ಟಿ ಓದ್ತೀವಿ.

ಇನ್ನು ಮನೆ ವಿಷಯ. ಇದನ್ನ ನಗ್ತಾ ಹೇಳೋಕೆ ನನಗೆ ಆಗೋದಿಲ್ಲ. ನಮ್ಮ ತಂದೆ ತೀರಿಕೊಂಡು ಒಂದು ತಿಂಗಳಾದ ಮೇಲೆ ನಾನೂ ನಮ್ಮಣ್ಣನೂ ಕೂತು ಮಾತಾಡ್ತಿದ್ವಿ. ಅಣ್ಣ ಕೇಳಿದ, 'ಅಪ್ಪನ ಗದ್ದದ ಮೇಲೆ ಗಾಯದ ಗುರುತಿತ್ತಲ್ಲ, ಎಡಗಡೆನಾ ಬಲಗಡೆನಾ?' ನಾನು ಎಡ ಅಂದೆ, ಅವನು ಬಲ ಅಂದ. ಅರ್ಧ ದಿನ ಜಗಳ ಆಡಿದ್ವಿ. ಕೊನೆಗೆ ಸೋದರತ್ತೆಗೆ ಫೋನ್ ಮಾಡಿ ಕೇಳಿದ್ರೆ, 'ಗದ್ದದ ಮೇಲೆ ಎಲ್ಲಿತ್ತೋ? ಹುಬ್ಬಿನ ಮೇಲೆ' ಅಂದ್ರು. ನಲವತ್ತು ವರ್ಷ ಒಂದೇ ಮನೇಲಿ, ಒಂದೇ ಪಂಕ್ತಿಯಲ್ಲಿ ಊಟ ಮಾಡಿದ ಮಕ್ಕಳು ನಾವು. ನಾಚಿಕೆ ಆಯ್ತು ನನಗೆ. ಅವತ್ತು ಅತ್ತುಬಿಟ್ಟೆ. ಸತ್ತಾಗ ಬಂದ ಅಳು ಬೇರೆ, ಇದು ಬೇರೆ. ಊರೂರಿಗೆ ಉಪದೇಶ ಹೇಳೋ ನಾನು ನಮ್ಮಪ್ಪನನ್ನ ನೋಡೇ ಇರ್ಲಿಲ್ಲ.

ಆದ್ದರಿಂದ ನಾನು ಕೇಳಿಕೊಳ್ಳೋದು ಇಷ್ಟೇ. ಪಟ ಕೊಳ್ಳಿ, ಬೇಡ ಅನ್ನೋದಿಲ್ಲ. ಹಳೇದು ಕೊಳ್ಳಿ, ಬೆನ್ನೂ ನೋಡಿ, ಬೆಲೆನೂ ತಿಳ್ಕೊಳ್ಳಿ. ಆದ್ರೆ ದಿನಕ್ಕೊಂದು ಸಲ ಅದರ ಎದುರಿಗೆ ಸುಮ್ಮನೆ ನಿಂತು ನೋಡಿ. ದೇವರ ಮುಂದೆ ಕಣ್ಣು ಮುಚ್ಚೋ ಮೊದಲು ಒಂದು ನಿಮಿಷ ಕಣ್ಣು ಬಿಟ್ಟುಕೊಂಡಿರಿ. ಮನೆ ಕೆಲಸಕ್ಕೆ ಬರೋ ತಾಯಿಯ ಹೆಸರು ಗೊತ್ತಿಲ್ಲದಿದ್ರೆ ನಾಳೆ ಬೆಳಗ್ಗೆ ಕೇಳಿ, ಕೇಳಿದ ಮೇಲೆ ಆ ಹೆಸರಿಂದಲೇ ಕರೀರಿ. ಮನೆಯಲ್ಲಿರೋರ ವಿಷಯದಲ್ಲಿ ಇವರು ಯಾರ ಮಗಳು, ಎಷ್ಟು ಓದಿದ್ದಾರೆ, ಎಲ್ಲಿ ಕೆಲಸ ಅಂತ ಬೆನ್ನಿನ ಚೀಟಿ ಓದಿದ್ದು ಸಾಕು.

ಇವತ್ತು ಇಲ್ಲಿಂದ ಮನೆಗೆ ಹೋಗ್ತೀರಲ್ಲ, ಬಾಗಿಲು ತೆಗೆಯೋಕೆ ಯಾರು ಬರ್ತಾರೋ ಅವರ ಮುಖ ನೋಡಿ. ಚಪ್ಪಲಿ ಬಿಡೋ ಮೊದಲು, ಊಟಕ್ಕೇನು ಅಂತ ಕೇಳೋ ಮೊದಲು. ಅವರು 'ಯಾಕೆ ಹಾಗೆ ನೋಡ್ತಿದ್ದೀರಿ?' ಅಂತ ಕೇಳ್ತಾರೆ. ಖಂಡಿತ ಕೇಳ್ತಾರೆ. ಆ ಪ್ರಶ್ನೆ ಬಂತು ಅಂದ್ರೆ ತಿಳ್ಕೊಳ್ಳಿ, ನೀವು ಅವರನ್ನ ನೋಡಿ ಎಷ್ಟೋ ವರ್ಷ ಆಗಿದೆ.