ತಿಮಿಂಗಿಲಗಳಿಗೆ ಕಿವಿಗೊಟ್ಟವಳು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ವರ್ಷಕ್ಕೊಮ್ಮೆ ಇಸ್ತ್ರಿ ಬಟ್ಟೆ ಹಾಕಿಕೊಳ್ಳುವ ನನ್ನ ಹಡಗಿನ ಬಂಧುಗಳೇ, ಅವರನ್ನು ನಮಗೆ ಅರ್ಧ ವರ್ಷ ಕಡ ಕೊಟ್ಟಿರುವ ಮನೆಯವರೇ, ಮುಂದಿನ ಸಾಲಿನಲ್ಲಿ ಕುಳಿತು ನನ್ನನ್ನು ಈಗಾಗಲೇ ಕಣ್ಣಲ್ಲೇ ಗದರಿಸುತ್ತಿರುವ ಇಂದಿನ ಸನ್ಮಾನಿತರೇ, ಮತ್ತು ಸಭಿಕರೇ,

ಮೆಟ್ಟಿಲು ಹತ್ತುವಾಗ ಅಧ್ಯಕ್ಷರು ನನ್ನ ತೋಳು ಹಿಡಿದು ಒಂದು ಮಾತು ಹೇಳಿದರು. "ಸರ್ವೆಯ ಮುಖ್ಯಸ್ಥರಾಗಿ ಮಾತಾಡಿ, ಗಂಡನಾಗಿ ಬೇಡ. ಐದೇ ನಿಮಿಷ." ಆಗಲಿ ಸಾರ್ ಅಂದೆ. ಹೆಂಡತಿಯ ನಿವೃತ್ತಿಯ ದಿನ ಗಂಡನಿಗೆ ಮೈಕು ಕೊಟ್ಟ ಧೈರ್ಯಕ್ಕೆ ಅವರನ್ನು ಮೆಚ್ಚಲೇಬೇಕು. ಆದ್ದರಿಂದ ಇವತ್ತು ಇವಳನ್ನು ನಾನು 'ಇವರು' ಎಂದೇ ಕರೆಯುತ್ತೇನೆ. ಎಷ್ಟು ಹೊತ್ತು ಕರೆಯುತ್ತೇನೋ ನೋಡೋಣ.

ನಮ್ಮ ಕೆಲಸವೇನೆಂದು ಹಡಗಿನವರಿಗೆ ಹೇಳಬೇಕಿಲ್ಲ, ಮನೆಯವರಿಗಾಗಿ ಹೇಳುತ್ತೇನೆ. ಸಮುದ್ರದ ತಳದಲ್ಲಿ ಎಣ್ಣೆಯೋ ಅನಿಲವೋ ಇದೆಯೇ ಎಂದು ಹುಡುಕುವವರು ನಾವು. ಹಡಗಿನ ಹಿಂದೆ ಗಾಳಿಯ ಗನ್‌ಗಳನ್ನು ಎಳೆದುಕೊಂಡು ಹೋಗುತ್ತೇವೆ. ಒತ್ತಿಟ್ಟ ಗಾಳಿ ನೀರಿನೊಳಗೆ ಢಂ ಎಂದು ಹೊರಬೀಳುತ್ತದೆ, ತಳದಿಂದ ಬರುವ ಪ್ರತಿಧ್ವನಿಯನ್ನು ನಾವು ಹಿಡಿಯುತ್ತೇವೆ. ಕೆಲವೇ ಸೆಕೆಂಡಿಗೊಮ್ಮೆ ಢಂ, ಹಗಲೂ ಇರುಳೂ. ಡೆಕ್ಕಿನ ಮೇಲೆ ನಿಂತವರಿಗೆ ಅದು ಪಕ್ಕದ ಮನೆಯ ಬಾಗಿಲು ಬಡಿದಷ್ಟೇ. ನೀರಿನೊಳಗಿರುವವರಿಗೆ? ಕತ್ತಲ ನೀರಿನಲ್ಲಿ ಕಿವಿಯಿಂದಲೇ ದಾರಿ ಹುಡುಕುವ, ಕಿವಿಯಿಂದಲೇ ಮಕ್ಕಳನ್ನು ಕಾಯುವ ತಿಮಿಂಗಿಲಕ್ಕೆ? ಅದಕ್ಕಾಗಿಯೇ ಇವರು ಹಡಗಿನಲ್ಲಿದ್ದರು. ನೀರೊಳಗಿನ ಮೈಕುಗಳಿಗೆ ಕಿವಿಗೊಟ್ಟು ಕೂರುವುದು, ತಿಮಿಂಗಿಲ ಹತ್ತಿರವಿದೆ ಅನಿಸಿದರೆ 'ನಿಲ್ಲಿಸಿ' ಅನ್ನುವುದು. ಹೊಸದರಲ್ಲಿ ಗನ್‌ಗಳ ಉಸ್ತುವಾರಿ ನನ್ನದು. ಅಂದರೆ ಇವರು ನಿಲ್ಲಿಸಿ ಅನ್ನುತ್ತಿದ್ದದ್ದು ನನಗೆ.

ಗನ್ ನಿಲ್ಲಿಸುವುದು ಸುಲಭ, ಮತ್ತೆ ಶುರು ಮಾಡುವುದೇ ಫಜೀತಿ. ಪ್ರತಿಧ್ವನಿ ಹಿಡಿಯುವ ಮೈಲಿಗಟ್ಟಲೆ ಕೇಬಲ್ ಎಳೆಯುತ್ತಿರುವ ಹಡಗು ಗಕ್ಕನೆ ನಿಲ್ಲದು. ದೊಡ್ಡ ಸುತ್ತು ಹಾಕಿ ಬಿಟ್ಟ ಜಾಗಕ್ಕೇ ಬರಬೇಕು. ಒಂದೇ ಪಾಳಿಯಲ್ಲಿ ಇವರು ಎರಡನೇ ಸಲ ನಿಲ್ಲಿಸಿದ ದಿನ ನಾನು ಜಗಳಕ್ಕೆಂದೇ ಕೆಳಗಿಳಿದು ಹೋದೆ. ಆಲಿಸುವ ಕೋಣೆ ಎಂದರೆ ಒಂದು ಬೀರುವಿನಷ್ಟಿತ್ತು.

"ಏನ್ರೀ ಇದು? ಎಲ್ಲಿದೆ ನಿಮ್ಮ ತಿಮಿಂಗಿಲ?"

ಇವರು ತಿರುಗಿಯೂ ನೋಡಲಿಲ್ಲ. "ಬಾಗಿಲು ಹಾಕ್ಕೊಂಡು ಬನ್ನಿ. ನಿಮ್ಮ ಬೂಟಿನ ಸದ್ದೇ ಅದಕ್ಕಿಂತ ಜೋರಾಗಿದೆ."

ಹೆಡ್‌ಫೋನ್ ತೆಗೆದು ನನ್ನ ಕಿವಿಗಿಟ್ಟರು. ನನಗೆ ಬರೀ ನೀರಿನ ಸದ್ದು, ಇಂಜಿನ್ ಸದ್ದು.

"ಏನೂ ಕೇಳಿಸ್ತಿಲ್ಲ."

"ಮಾತಾಡ್ತಾನೇ ಇದ್ರೆ ಹೇಗೆ ಕೇಳ್ಸುತ್ತೆ?"

ಬಾಯಿ ಮುಚ್ಚಿದೆ. ಸ್ವಲ್ಪ ಹೊತ್ತಿಗೆ, ತುಂಬಾ ದೂರದಲ್ಲಿ ಯಾರೋ ಭಾರವಾದ ಮರದ ಬಾಗಿಲನ್ನು ನಿಧಾನವಾಗಿ ತೆರೆದ ಹಾಗೊಂದು ದನಿ. ಅದು ನಿಂತ ಮೇಲೆ, ಇನ್ನೂ ದೂರದಿಂದ ಇನ್ನೊಂದು. "ಎರಡಿವೆ" ಎಂದೆ. ಯಾರೂ ಹೇಳದೆಯೇ ನನ್ನ ದನಿ ತಗ್ಗಿತ್ತು. ಆಗ ಇವರು ಮೊದಲ ಸಲ ನನ್ನ ಮುಖ ನೋಡಿದರು.

ಅಲ್ಲಿಂದ ಮುಂದೆ ಗನ್ ನಿಂತಾಗಲೆಲ್ಲ, ಪಕ್ಕದಲ್ಲೇ ಫೋನಿದ್ದರೂ, ಕಾರಣ ವಿಚಾರಿಸಲು ನಾನೇ ಖುದ್ದಾಗಿ ಹೋಗುತ್ತಿದ್ದೆ. ಕೆಲಸದಲ್ಲಿ ಎಂಥ ಶ್ರದ್ಧೆ ಎಂದು ಕ್ಯಾಪ್ಟನ್ ಹೊಗಳಿದರು. ನಾನು ತಲೆ ತಗ್ಗಿಸಿ ಹೊಗಳಿಕೆ ಸ್ವೀಕರಿಸಿದೆ. ನಾನೀಗ ಗಂಡನಾಗಿ ಮಾತಾಡುತ್ತಿದ್ದೇನೆಯೇ ಸಾರ್? ಕ್ಷಮಿಸಬೇಕು. ಹಾಳಾದ್ದು, ಬೇರೆ ದಾರಿಯೇ ಕಾಣುತ್ತಿಲ್ಲ.

ಮದುವೆಯಾದ ಮೂರನೇ ವರ್ಷ ಮಗಳು ಹುಟ್ಟಿದಳು. ಎರಡು ತಿಂಗಳು ಮೊದಲೇ. ನನ್ನ ಮೊಣಕೈಯಿಂದ ಅಂಗೈವರೆಗಿನಷ್ಟೇ ಉದ್ದ, ಆಸ್ಪತ್ರೆಯ ಗಾಜಿನ ಪೆಟ್ಟಿಗೆಯೊಳಗೆ. ಇವಳು ಆ ಪೆಟ್ಟಿಗೆಯ ಪುಟ್ಟ ಕಿಂಡಿಗೆ ಬಾಯಿ ಹಚ್ಚಿ, ಮೆಲುದನಿಯಲ್ಲಿ ಏನೇನೋ ಹೇಳುತ್ತ ಕೂತಿದ್ದಳು. ನರ್ಸಮ್ಮ ಹೇಳಿದರು, "ಅಮ್ಮನ ದನಿ ಕೇಳಿದ್ರೆ ಉಸಿರು ಹದಕ್ಕೆ ಬರುತ್ತೆ, ನೋಡಿ." ನೋಡಿದೆ. ನಿಜವಾಗಿಯೂ ಬರುತ್ತಿತ್ತು.

ಮರುದಿನ ಮಧ್ಯಾಹ್ನ ಮೇಲಿನ ಮಹಡಿಯಲ್ಲಿ ಯಾರೋ ಗೋಡೆ ಕೊರೆಯಲು ಶುರು ಮಾಡಿದರು. ಮಗುವಿನ ಎರಡೂ ಕೈ ಗಾಳಿಗೆ ಹಾರಿದವು. ಉಸಿರು ಅಳೆಯುವ ಯಂತ್ರದ ಪರದೆಯ ಮೇಲಿನ ಅಂಕಿ ಇಳಿಯತೊಡಗಿತು. ಇವಳ ತುಟಿ ಅಲುಗುತ್ತಲೇ ಇತ್ತು, ಆದರೆ ಪಕ್ಕದಲ್ಲೇ ನಿಂತ ನನಗೂ ಒಂದಕ್ಷರ ಕೇಳಿಸಲಿಲ್ಲ. ಇವಳು ದನಿ ಏರಿಸಲಿಲ್ಲ. ಒಮ್ಮೆ ನನ್ನ ಕಡೆ ನೋಡಿದಳು, ಅಷ್ಟೇ.

ಮೆಟ್ಟಿಲು ಹತ್ತುತ್ತ ನಾನು ದೊಡ್ಡ ಜಗಳವನ್ನೇ ಕಟ್ಟಿಕೊಂಡಿದ್ದೆ. ಮೇಲೆ ಹೋದರೆ ತಲೆಯಿಂದ ಕಾಲಿನವರೆಗೆ ಸಿಮೆಂಟು ಧೂಳು ಮೆತ್ತಿಕೊಂಡ ಒಬ್ಬ ಕೆಲಸಗಾರ. ನನ್ನ ಬಾಯಿಂದ ಬಂದದ್ದು ಒಂದೇ ಮಾತು, "ಕೆಳಗೆ ನನ್ನ ಮಗು ಇದೆ."

ಅವನು ಡ್ರಿಲ್ಲನ್ನು ಗೋಡೆಯಿಂದ ತೆಗೆದ. ಪ್ಲಗ್ಗನ್ನೂ ಕಿತ್ತ. "ಯಾವಾಗ ಹುಟ್ಟಿದ್ದಣ್ಣ?"

"ನಿನ್ನೆ. ಅವಸರ ಮಾಡಿಬಿಟ್ಟಳು."

"ಇವತ್ತು ಈ ಗೋಡೆ ಬೇಡ ಬಿಡಿ. ಆ ಕಡೆ ಬಣ್ಣದ ಕೆಲಸ ಇದೆ, ಅದನ್ನ ಮಾಡ್ತೀನಿ. ಮೇಸ್ತ್ರಿಗೆ ನಾನು ಹೇಳ್ಕೋತೀನಿ. ನೀವು ಹೋಗಿ, ಮಗು ಹತ್ರ ಇರಿ."

ಯಾವ ಮಗು, ಎಲ್ಲಿದೆ, ತೋರಿಸು ಎಂದು ಅವನು ಕೇಳಲಿಲ್ಲ. ಕೆಳಗೆ ಹೋಗುವ ಮೊದಲು ನಾನು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಇದು ಇವಳಿಗೆ ಇವತ್ತಿನವರೆಗೂ ಗೊತ್ತಿರಲಿಲ್ಲ. ಈಗ ಗೊತ್ತಾಯಿತು.

ಮಗಳು ಚೇತರಿಸಿಕೊಂಡಳು. ಅಗೋ, ನಾಲ್ಕನೇ ಸಾಲಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದಾಳಲ್ಲ, ಅವಳೇ.

ಅವಳು ಅನ್ನ ಉಣ್ಣುವ ವಯಸ್ಸಿಗೆ ಬಂದಾಗ ನಾನು ಸರ್ವೆಯ ಮುಖ್ಯಸ್ಥನಾಗಿದ್ದೆ. ಇವಳು ಮನೆಯಲ್ಲಿ. ಆಲಿಸುವ ಕೋಣೆಯಲ್ಲಿ ನಾವೆಲ್ಲ 'ತಾತ' ಎಂದು ಕರೆಯುತ್ತಿದ್ದ ಹಿರಿಯರು. ಒಂದು ಬೆಳಗ್ಗೆ ದಟ್ಟ ಮಂಜು. ತಾತ ಗನ್ ನಿಲ್ಲಿಸಿದರು. "ಒಂದು ನರಳಿದ ಹಾಗೆ, ಜೊತೆಗೊಂದು ಸಣ್ಣ ಕಿರುಗುಟ್ಟಿದ ಹಾಗೆ ಕೇಳಿಸ್ತು. ಆಮೇಲೆ ಏನೂ ಇಲ್ಲಪ್ಪ." ನಿಯಮ ಹೇಳಿದಷ್ಟು ಹೊತ್ತು ಕಾದೆವು. ನಿಶ್ಶಬ್ದ. ನಿಯಮದ ಪ್ರಕಾರ ಇನ್ನು ಶುರು ಮಾಡಬಹುದು. ದಡದ ಆಫೀಸಿನಿಂದ ಫೋನು. "ಶುರು ಮಾಡಬಹುದು ತಾನೇ? ಮತ್ತಿನ್ನೇನು ಕಾಯ್ತಿದೀರಿ?"

ನಾನು ಮನೆಗೆ ಫೋನ್ ಮಾಡಿದೆ.

"ಮರಿ ಇರೋ ತಾಯಿ ಜೋರಾಗಿ ಕೂಗಲ್ಲ ರೀ" ಎಂದಳು ಇವಳು. "ಕೂಗಿದ್ರೆ ಬೇಟೆಯಾಡೋವು ಬಂದ್ಬಿಡ್ತಾವೆ. ಇಬ್ಬರೂ ಪಿಸುಗುಡ್ತಾರೆ ಅಷ್ಟೇ. ಇಂಜಿನ್ ಸದ್ದಲ್ಲಿ ಅದು ತಾತಂಗೆ ಕೇಳಿಸದೇ ಇರಬಹುದು."

"ಹಾಗಾದ್ರೆ ಏನ್ ಮಾಡ್ಲಿ?"

"ನಾನಿಲ್ಲಿ ಇದೀನಿ, ಅಲ್ಲಿರೋದು ನೀವು. ಅಯ್ಯೋ, ತಟ್ಟೆ ಎಸೆದ್ಬಿಟ್ಳು, ಇಡ್ತೀನಿ."

ಇಷ್ಟೇ ನನಗೆ ಸಿಕ್ಕ ಸಲಹೆ. ಮಂಜು ಹರಿಯುವವರೆಗೆ ಗನ್ ಇಲ್ಲ ಎಂದು ಆಫೀಸಿಗೆ ತಿಳಿಸಿದೆ. ಆಫೀಸಿನವರ ದನಿ ಎಷ್ಟು ಏರಿತೆಂದರೆ, ತಿಮಿಂಗಿಲಗಳು ಹೆದರಿದ್ದರೆ ಅದಕ್ಕೇ ಹೆದರಿರಬೇಕು. "ನಿಮ್ಮ ಜಾಗಕ್ಕೆ ಬೇರೆಯವರನ್ನ ನೋಡ್ಬೇಕಾಗುತ್ತೆ" ಎಂದರು. "ನೋಡಿ ಸಾರ್" ಎಂದೆ.

ಮಧ್ಯಾಹ್ನ ಮಂಜು ತೆಳುವಾಯಿತು. ಕಾವಲಿಗಿದ್ದವರು ಕೂಗಿದರು. ಎಲ್ಲರೂ ಡೆಕ್ಕಿಗೆ ಓಡಿದೆವು. ಮುಂದೆ, ನಾವು ಗನ್ ಹಾರಿಸುತ್ತ ಹೋಗಬೇಕಿದ್ದ ಗೆರೆಯ ಪಕ್ಕದಲ್ಲೇ, ತಾಯಿ ದಿಮ್ಮಿಯಂತೆ ಮಲಗಿತ್ತು. ಮರಿ ಅದರ ಬೆನ್ನೇರುವುದು, ಜಾರುವುದು, ಮತ್ತೆ ಏರುವುದು. ಎಲ್ಲದಕ್ಕೂ ಗೊಣಗುವ ನಮ್ಮ ಅಡುಗೆಯವರು ಸೌಟು ಹಿಡಿದೇ ಬಂದಿದ್ದರು. ಮರಿ ತಾಯಿಯ ಕೆಳಗೆ ನುಸುಳಿದಾಗ, "ಹಾಲು ಕುಡೀತಿದೆ, ಯಾರೂ ಸದ್ದು ಮಾಡ್ಬೇಡ್ರಪ್ಪ" ಎಂದರು. ನಾವು ಹಡಗನ್ನು ಮೆಲ್ಲಗೆ ಬೇರೆ ಕಡೆಗೆ ತಿರುಗಿಸಿದೆವು.

ಆ ಋತುವಿನ ಒಳ್ಳೆಯ ಹವೆ ಮುಗಿದೇಹೋಯಿತು, ಸರ್ವೆ ಅರ್ಧಕ್ಕೆ ನಿಂತಿತು. ಆಫೀಸಿನವರು ನುಡಿದಂತೆ ನಡೆದರು. ನನ್ನನ್ನು ದಡದ ಮೇಜಿಗೆ ಹಾಕಿದರು, ಇವಳು ಸಮುದ್ರಕ್ಕೆ ಹೋದಳು. ನಾನು ಮಗಳಿಗೆ ಜಡೆ ಹಾಕಲು ಕಲಿತೆ. ಕೇಬಲ್ ಸಿಕ್ಕುಬಿದ್ದ ಹಾಗಿರುತ್ತಿತ್ತು, ಪಾಪ, ಆ ಹುಡುಗಿ ಅದನ್ನೇ ಹಾಕಿಕೊಂಡು ಶಾಲೆಗೆ ಹೋಯಿತು. ಇವಳು ಮಾತ್ರ ಸುಮ್ಮನಿರಲಿಲ್ಲ. ಮರಿಗಳ ಆ ಪಿಸುಮಾತನ್ನು ಕೆಲವು ವರ್ಷ ಕಾದು ಹೇಗೋ ಹಿಡಿದು, ಧ್ವನಿಮುದ್ರಿಸಿ, ಆಫೀಸಿಗೆ ಹೊತ್ತು ತಂದು ದೊಡ್ಡವರೊಬ್ಬರ ಕಿವಿಗೆ ಹೆಡ್‌ಫೋನ್ ಇಟ್ಟಳು. ಅವರು ಕೇಳಿದರು. ಮರುದಿನ ತಾವಾಗಿಯೇ ಕರೆಸಿ ಮತ್ತೊಮ್ಮೆ ಕೇಳಿದರು. ಮುಂದಿನ ವರ್ಷದಿಂದ, ಮರಿಗಳಿರುವ ತಿಂಗಳುಗಳಲ್ಲಿ ಆ ನೀರಿಗೆ ನಮ್ಮ ಹಡಗು ಹೋಗಬಾರದೆಂದು ಗೊತ್ತುಮಾಡಿದರು. ಗನ್‌ಗಳೂ ಚಿಕ್ಕವಾದವು. ನನ್ನನ್ನೂ ವಾಪಸ್ ಕರೆದರು. ಆ ದಿನ ಫೋನಿನಲ್ಲಿ ನನಗೆ ಬೈದವರೂ ಅವರೇ, ಇವತ್ತು ನನಗೆ ಐದು ನಿಮಿಷ ಕೊಟ್ಟವರೂ ಅವರೇ. ನೀವು ನಗಬಹುದು, ಅಧ್ಯಕ್ಷರೇ ನಗುತ್ತಿದ್ದಾರೆ.

ಎಲ್ಲವೂ ಸರಿಹೋಯಿತೆಂದು ನಾನು ಹೇಳುವುದಿಲ್ಲ. ನಮ್ಮ ಹಡಗು ಇಂದಿಗೂ ಸದ್ದು ಮಾಡುತ್ತದೆ. ಇವಳು ಇಂದಿಗೂ ಊಟಕ್ಕೆ ಕೂತಾಗ ಅದೇ ಜಗಳ ತೆಗೆಯುತ್ತಾಳೆ. ನಾನು ಸಾರು ಬಡಿಸು ಅನ್ನುತ್ತೇನೆ.

ಮುಂದಿನ ವಾರ ನಾನು ಹಡಗು ಹತ್ತುತ್ತೇನೆ. ಇವಳು ದಡದಲ್ಲಿ ಇರುತ್ತಾಳೆ. ಇವಳ ಕುರ್ಚಿಗೆ ಬರುತ್ತಿರುವ ಹೊಸ ಹುಡುಗಿ ಇಲ್ಲೇ ಎಲ್ಲೋ ಕೂತಿದ್ದಾಳೆ. ನೋಡಮ್ಮ, ನಿನಗೊಂದು ಮಾತು. ನಿಲ್ಲಿಸಿ ಅನಿಸಿದಾಗ ನಿಲ್ಲಿಸಿ ಅನ್ನು. ಖಚಿತವಿಲ್ಲದಿದ್ದರೂ ಅನ್ನು. ನಾನು ನಿಲ್ಲಿಸುತ್ತೇನೆ, ಕಾರಣ ಕೇಳಿಕೊಂಡು ಕೆಳಗೆ ಬರುವುದಿಲ್ಲ. ಆ ಮೆಟ್ಟಿಲು ಇಳಿಯಲು ನನಗಿದ್ದ ಕಾರಣ ಇವತ್ತು ನಿವೃತ್ತಿಯಾಗುತ್ತಿದೆ.

ಇಷ್ಟು ಹೊತ್ತು ಸದ್ದಿಲ್ಲದೆ ಕೇಳಿದ ನಿಮ್ಮೆಲ್ಲರಿಗೂ, ಗಡಿಯಾರ ನೋಡಿಯೂ ನೋಡದಂತಿದ್ದ ಅಧ್ಯಕ್ಷರಿಗೂ ನನ್ನ ಕೃತಜ್ಞತೆಗಳು. ನಮಸ್ಕಾರ.