ಕ್ಯಾಮೆರಾಕ್ಕ ಹೊಲಿದ ಕೌದಿ

...ಅದನ್ನ ಹೇಳಾಕತ್ತೇನಿ ಇಮಾಮಬೀ ಚಾಚಿ, ತಪ್ಪು ನಿಮ್ಮದಂತ ನಾ ಯಾವಾಗ ಅಂದೆ? ಕೌದಿ ತೆಳ್ಳಗಾತು ಅಂದೆ. ಅಷ್ಟ. ತೆಳ್ಳಗಾಗೂದು ಬ್ಯಾರೆ, ತಪ್ಪು ಬ್ಯಾರೆ... ಕುಂದರ್ರಿ ಮೊದಲ. ಆ ಸ್ಟೂಲ್ ಅಲ್ಲಾಡತೈತಿ, ಇದರ ಮ್ಯಾಲೆ ಕುಂದರ್ರಿ, ಮದುಮಕ್ಕಳನ್ನ ಕುಂದರಿಸಿ ಫೋಟೋ ತಗ್ಯೂ ಕುರ್ಚಿ. ಬಬಲೇಶ್ವರದಿಂದ ಬಸ್ಸಿಗೆ ಬಂದ್ರೇನು? ಗಾಂಧಿ ಚೌಕದಾಗ ಈ ಹೊತ್ತಿನ್ಯಾಗ ನಡ್ಯಾಕೂ ಜಾಗಾ ಇರೂದಿಲ್ಲ. ಚಹಾ ಹೇಳ್ಲಿ?... ಬ್ಯಾಡಾ? ಚಹಾ ಬ್ಯಾಡ ಅನ್ನೂವರು ನೀವಲ್ಲ.

ಮಾತೂ ಆಡವಲ್ರಿ ಇವತ್ತ. ಸಾಲಿ ಗಂಟಿ ಬಾರಿಸೂವರೂ ನೀವ, ಗಂಟಿಕಿಂತ ಜೋರ ಮಾತಾಡೂವರೂ ನೀವ.

ನೋಡ್ರಿ, ಮ್ಯಾಲೆ ಏನಾಗತೈತಿ ಅಂತ ಬಿಡಿಸಿ ಹೇಳ್ತೇನಿ. ಸೋಮವಾರ ನಿಮ್ಮ ಸಾಲಿ ಅಂಗಳದಾಗಿಂದ ಬೆಲೂನ್ ಬಿಟ್ವಿ. ಕೆಳಗ ಥರ್ಮೋಕೋಲ್ ಡಬ್ಬಿ, ಡಬ್ಬಿಯೊಳಗ ನನ್ನ ಹಳೇ ಕ್ಯಾಮೆರಾ. ಮೂವತ್ತು ಕಿಲೋಮೀಟರ್ ಏರ್ತು. ಇಲ್ಲಿಂದ ನಿಮ್ಮೂರಿಗೆ ಹೋಗೂ ರೋಡ್ ಎತ್ತಿ ನೆಟ್ಟಗ ನಿಲ್ಲಿಸಿದ್ರ ಎಷ್ಟಾಗತೈತಿ, ಅದಕ್ಕಿಂತ ಎತ್ತರ. ಅಲ್ಲಿ ಥಂಡಿ ಅಂದ್ರ ನಮ್ಮ ಡಿಸೆಂಬರ್ ಥಂಡಿ ಅಲ್ರಿ. ಐಸಿನ ಗಡ್ಡೀನೂ ಸ್ವೆಟರ್ ಬೇಡೂವಂಥಾ ಥಂಡಿ. ಕ್ಯಾಮೆರಾಕ್ಕ ಹೊದಸಾಕ ನೀವು ಪ್ರೀತಿಲೆ ಕೌದಿ ಹೊಲದ್ರಿ, ಇಲ್ಲನ್ನೂದಿಲ್ಲ. ಇಳಕಲ್ ಸೀರಿ ತುಂಡು, ಕೆಂಪು ದಾರ, ಲೆನ್ಸಿಗೆ ಕಾಜಾ ಮಾಡಿದಂಗ ದುಂಡಗ ತೂತು... ಹುಡುಗ್ಯಾರು ಅದನ್ನ ಕೂಸು ಕೂಸು ಅಂತ ಎತ್ಕೊಂಡು ತಿರಗ್ಯಾಡಿದ್ರು. ಆದ್ರ ಎರಡ ಪದರು. ಥಂಡಿ ಒಳಗ ಹೊಕ್ಕಿತು, ಕ್ಯಾಮೆರಾ ಕೆಡ್ತು, ಸಾವಿರದ ಎಂಬತ್ತು ಫೋಟೋನೂ ಕರ್ರಗ ಬಂದುವು. ಯಾರೇನು ಮಾಡಾಕಾಗತೈತಿ?

ಯಾಕ ಹಂಗ ನೋಡ್ತೀರಿ?

ಫ್ಯಾನ್ ಹಾಕ್ಲೇನು?... ನಿನ್ನೆ ನಿಮ್ಮ ಸೈನ್ಸ್ ಟೀಚರ್ ದೀಪಾಲಿ ಫೋನ್ ಮಾಡಿದ್ರು. "ಸಿದ್ದಲಿಂಗೇಶ ಅವರ, ನಮ್ಮ ಇಮಾಮಬಿ ಮೂರು ದಿನದಿಂದ ಗಂಟಿ ಮೆಲ್ಲಕ ಬಾರಸಾಕತ್ತಾರ, ಹುಡುಗ್ಯಾರಿಗೆ ಸಾಲಿ ಬಿಟ್ಟಿದ್ದ ತಿಳಿವಲ್ದು" ಅಂದ್ರು. ಊಟದ ಹೊತ್ತಿನ್ಯಾಗ ಊಟ ಬಿಟ್ಟು ಏಳು ಪದರಿನ ಕೌದಿ ಹೊಲ್ಯಾಕತ್ತೀರಂತ. ಏಳು ಪದರು ಯಾಕ್ರಿ? ಆ ಭಾರಕ್ಕ ಬೆಲೂನ್ ಸಾಲಿ ಕಂಪೌಂಡೂ ದಾಟೂದಿಲ್ಲ. ಕೇಳಿ ನನಗ ಕೆಟ್ಟ ಅನಿಸ್ತು. ಖರೇನ.

ಬೆಲೂನ್ ಒಡದು ಡಬ್ಬಿ ಬಿದ್ದ ಕನಮಡಿಗೆ ಎಲ್ಲಾರಕಿಂತ ಮೊದಲ ನಾ ಒಬ್ಬನ ಯಾಕ ಮುಟ್ಟಿದೆ ಅಂತ ನಿಮ್ಮ ಮನಸಿನ್ಯಾಗ ಇರಬೇಕು. ಏನೂ ಇಲ್ರಿ. ನೀವೆಲ್ಲಾ ನಿಮ್ಮೂರ ಜಾಹೀದನ ಜೀಪಿನ್ಯಾಗ ಬಂದ್ರಿ, ಟಿಕೋಟಾದಾಗ ಭಜಿ ತಿನ್ನಾಕ ಇಳದ್ರಿ. ನಾ ಗಾಡಿ ನಿಲ್ಲಸ್ಲಿಲ್ಲ. ಡಬ್ಬಿ ಬಿದ್ದ ಜಾಗಾ ಫೋನಿನ್ಯಾಗ ಕಾಣಾಕತ್ತಿತ್ತು, ಹೋದೆ. ಗುರಲಿಂಗಪ್ಪ ಅನ್ನೂ ಹಿರಿಯನ ತೊಗರಿ ಹೊಲ. ಡಬ್ಬಿ ಓಡಿ ಹೋಗಬಾರದಂತ ಆತ ಅದರ ಮ್ಯಾಲೆ ಬುಟ್ಟಿ ಬೋರಲ ಹಾಕಿ, ಬುಟ್ಟಿ ಮ್ಯಾಲೆ ತಾನ ಕುಂತಿದ್ದ. "ಒಳಗ ಏನೋ ಟಕ್ ಟಕ್ ಅಂತೈತ್ರಿ, ಜೀವ ಐತಿ" ಅಂದ. ಅವನ್ನ ಎಬ್ಬಿಸೂದರಾಗ ಸಾಕಾತು. ಆಮ್ಯಾಲೆ ನೀವೆಲ್ಲಾ ಬಂದ್ರಿ. ಅಲ್ಲೀತನಕಾ ನಾ ಡಬ್ಬಿ ಮುಟ್ಟಿಲ್ಲ.

ಮುಟ್ಟಿಲ್ರಿ. ಬುಟ್ಟಿ ತಗದೆ, ನೋಡಿದೆ, ಅಷ್ಟ.

ಏನ್ರಿ ಅದು, ಚೀಲದಾಗಿಂದ ಏನು ತಗ್ಯಾಕತ್ತೀರಿ?... ಟೀಚರ್ ಫೋನ್? ಕ್ಯಾಮೆರಾ ಕಾರ್ಡಿನ ಫೋಟೋ ಅದಾವೇನು ಅದರಾಗ? ಅವನ್ನೇನು ನೋಡ್ತೀರಿ ಬಿಡ್ರಿ, ಎಲ್ಲಾ ಕಾಡಿಗಿ ಬಳದಂಗ... ನೀವು ಒಂದೊಂದ ನೋಡಿದ್ರಿ? ಸಾವಿರದ ಎಂಬತ್ತೂ? ನಾನ ಮೊದಲಿನ ಇನ್ನೂರು ನೋಡಿ ಬಿಟ್ಟೇನಿ.

ತಡೀರಿ, ಕನ್ನಡಕಾ ಹಾಕ್ಕೊತೇನಿ... ಎಷ್ಟನೇದು ಇದು, ಕಡೀದಾ? ಇದು ಕರ್ರಗಿಲ್ಲಲ್ಲ. ಮ್ಯಾಲೆ ಬಿಳೇ ಮೋಡ, ಬಾಜೂಕ ತೊಗರಿ ಗಿಡದ ತುದಿ... ನಡುವ ಇದ್ಯಾರು, ಮೂಗಿನ ಹೊಳ್ಳಿ ಇಷ್ಟಗಲಾ ಮಾಡ್ಕೊಂಡು...

ನಾನ.

ಕ್ಯಾಮೆರಾ ಇನ್ನೂ ಚಾಲೂ ಇತ್ರಿ. ಹತ್ತು ಸೆಕೆಂಡಿಗೊಮ್ಮೆ ತನ್ನಷ್ಟಕ್ಕ ತಾನ ಫೋಟೋ ಹೊಡೀತಿತ್ತು, ಮರತ ಬಿಟ್ಟಿದ್ದೆ... ಕೈಯಾಗಾ? ಕೈಯಾಗ ಏನೂ ಇಲ್ರಿ... ಬೆರಳು ಇಡಬ್ಯಾಡ್ರಿ ಅದರ ಮ್ಯಾಲೆ, ಕಾಣತೈತಿ, ದುಂಡಗ ಏನೋ... ಗುರಲಿಂಗಪ್ಪನ ಸುಣ್ಣದ ಡಬ್ಬಿ ಇರಬೇಕು...

ಇಲ್ಲ ಚಾಚಿ. ಲೆನ್ಸಿನ ಮುಚ್ಚಳಾ.

ಹಿಂದಿನ ದಿನಾ ಧೂಳ ಕುಂದರಬಾರದಂತ ಹಾಕಿದ್ದೆ, ತಗೀಲಿಲ್ಲ. ಇಪ್ಪತ್ತೆರಡು ವರ್ಷ ಮಂದಿ ಮದಿವಿ ಫೋಟೋ ತಗದಾವ, ಮುಚ್ಚಳಾ ಹಾಕಿದ ಕ್ಯಾಮೆರಾ ಆಕಾಶಕ್ಕ ಕಳಿಸಿದೆ. ಬೆಲೂನ್ ಬೇವಿನ ಗಿಡಾ ದಾಟೂದರಾಗ ನೆನಪಾತು. ಏನು ಮಾಡ್ಲಿ? ಕರದ್ರ ಕೆಳಗ ಬರತೈತೇನು? ನೀವೆಲ್ಲಾ ಚಪ್ಪಾಳಿ ಹೊಡ್ಯಾಕತ್ತಿದ್ರಿ, ನಾನೂ ಹೊಡದೆ. ಕನಮಡ್ಯಾಗ ಆ ಹಿರಿಯನ್ನ ನೀರು ತರಾಕ ಕಳಿಸಿ, ಮುಚ್ಚಳಾ ಕಿತ್ತು ಕಿಸೇಕ ಹಾಕ್ಕೊಂಡು, ಕ್ಯಾಮೆರಾ ಬಂದ್ ಮಾಡಿದೆ. ಫೋಟೋ ಯಾಕ ಹಿಂಗಾದುವು ಅಂತ ಟೀಚರ್ ಕೇಳಿದ್ರು, ಬಾಯಿಗೆ ಕೌದಿ ಬಂತು. ನೀವು ಎದರಿಗೆ ನಿಂತಿದ್ರಿ, ನಿಮ್ಮ ಮಾರಿ ನೋಡ್ಕೊಂತ ಅಂದೆ. ಅದು... ಅದು ಮಾಡಬಾರದಿತ್ತು.

ನಿಮ್ಮ ಕೌದಿಗೆ ಏನೂ ಆಗಿದ್ದಿಲ್ರಿ. ನಾ ಕೈ ಹಾಕಿದಾಗ ಕ್ಯಾಮೆರಾ ಬೆಚ್ಚಗಿತ್ತು.

ಏನರೆ ಅನ್ರಿ ಚಾಚಿ. ಬಯ್ರಿ ಬೇಕಾದ್ರ... ನಗಾಕತ್ತೀರೇನು? ಬಾಯಿಗೆ ಸೆರಗು ಯಾಕ, ಜೋರ ನಗ್ರಿ... ಗ್ವಾಡಿ ಕಡೆ ಯಾಕ ಕೈ ಮಾಡ್ತೀರಿ? ಫ್ರೇಮಾ? ಇದನ್ನ ದೊಡ್ಡದು ಮಾಡಿ ಫ್ರೇಮ್ ಹಾಕೂದಾ?... ಸಾಲ್ಯಾಗ ಹಾಕಾಕಾ?... ಆತು ಬಿಡ್ರಿ. ನಾನ ತರ್ತೇನಿ, ಹುಡುಗ್ಯಾರ ಮುಂದ ನಿಂತು ನಾನ ಹೇಳ್ತೇನಿ. ಎಷ್ಟು ದೊಡ್ಡದು ಬೇಕು, ಇಷ್ಟ?... ಇನ್ನಷ್ಟು?... ಚಾಚಿ, ಕೈ ಅಷ್ಟು ಅಗಲಾ ಮಾಡಬ್ಯಾಡ್ರಿ, ಅಷ್ಟು ದೊಡ್ಡ ಫ್ರೇಮ್ ಇಡೀ ವಿಜಾಪುರದಾಗ ಯಾರ ಕಡೇನೂ ಇಲ್ಲ.