ಒಣ ಟವೆಲ್

ಈಜುಕೊಳದ ತಿಂಡಿ ಅಂಗಡಿ ಮುಂದೆ ಸಾಲು ನಿಂತಲ್ಲೇ ನಿಂತಿತ್ತು. ಈಜಿ ಬಂದಿದ್ದ ಟೈಲರಮ್ಮನ ಹೊಟ್ಟೆ ತಾಳ ಹಾಕುತ್ತಿತ್ತು. ಅವಳ ಮುಂದಿದ್ದ ತಾಯಿ-ಮಗಳ ವಾದ ಮಾತ್ರ ಮುಗಿಯುವ ಹಾಗಿರಲಿಲ್ಲ.

“ಕೇಕ್ ಬೇಡಮ್ಮ. ನಾಳೆ ನಿನ್ನ ಶುಗರ್ ಟೆಸ್ಟ್ ಇದೆ,” ಅಂದಳು ಮಗಳು.

“ಒಂದು ಚೂರು ಕಣೇ. ಹೊಟ್ಟೆ ಚುರುಗುಟ್ಟುತ್ತಿದೆ.”

“ಡಬ್ಬಿಗೆ ಮೊಳಕೆ ಕಾಳು ಹಾಕಿಕೊಟ್ಟಿದ್ದೆನಲ್ಲ?”

“ಅದು ಆಗಲೇ ಖಾಲಿ.”

“ಸರಿ, ನಿನ್ನ ಟವೆಲ್ ಕೊಡು, ತಲೆ ಒರೆಸ್ಕೋತೀನಿ. ಇದ್ಯಾಕೆ ಒಣಗಿದೆ?”

“ನೀರು ತಣ್ಣಗಿತ್ತು. ಇಳೀಲಿಲ್ಲ.”

“ನಿನ್ನೆ?”

“ನಿನ್ನೆನೂ ತಣ್ಣಗೇ ಇತ್ತು.”

“ಅಂದ್ರೆ ಈಜಿಗೆ ಸೇರಿದಾಗಿಂದ, ಒಂದು ತಿಂಗಳಿಂದ ದಡದಲ್ಲಿ ಕೂತು ಕಾಳು ತಿಂತಿದೀಯ. ಈಜದೇ ಇಷ್ಟು ಹಸಿವು ಎಲ್ಲಿಂದ ಬರುತ್ತಮ್ಮ?”

“ನೀನು ಆ ಆಳದಲ್ಲಿ ಮುಳುಗ್ತೀಯ. ನಿನ್ನ ತಲೆ ಮೇಲೆ ಬರೋವರೆಗೂ ನಾನು ಉಸಿರು ಬಿಡಲ್ಲ. ಸಂಜೆಗೆ ನಲವತ್ತು ಸಲ. ಸುಮ್ಮನೆ ಕೂತಿರ್ತೀನಿ ಅಂದ್ಕೊಂಡೆಯಾ?”

ಮಗಳು ಹಣೆ ಚಚ್ಚಿಕೊಂಡಳು. ಮುಖದ ಗಂಟು ಸಡಿಲಿಸದೆ ಅಂಗಡಿಯವನಿಗೆ, “ಬೇಯಿಸಿದ ಮೊಟ್ಟೆ ಎರಡು ಕೊಡಿ,” ಅಂದಳು. ತಾಯಿಯ ಕಡೆ ತಿರುಗಿ, “ನಾಳೆಯಿಂದ ನೀನು ಇಳಿ. ನಾನು ದಡದಲ್ಲಿ ಕೂತ್ಕೋತೀನಿ.”

“ನೀನು ಕೂತ್ರೆ ಡಬ್ಬಿ ತುಂಬ ಕಾಳು ತಾ. ಒಂದು ಹಿಡಿ ಸಾಲಲ್ಲ.”

ಇಬ್ಬರೂ ಬಾಗಿಲ ಕಡೆ ನಡೆದರು. ಮಗಳು ಬೇಡ ಬೇಡ ಅಂದರೂ ತಾಯಿ ಆ ಒಣ ಟವೆಲಿನಲ್ಲಿ ಅವಳ ತಲೆ ಒರೆಸುತ್ತಲೇ ಹೋದಳು.